ಪಡಸಾಲೆಯ ಕೊನೆಯ ಜಾಗ

ಒದ್ದೆಯಾದ ಗೋಣಿಚೀಲದ ವಾಸನೆ ಬಂದರೆ ವ್ಯಾಪಾರಸ್ಥರ ಎದೆ ಧಸಕ್ಕೆನ್ನಬೇಕು. ಎಲ್ಲೋ ಸೂರು ಸೋರಿದೆ, ಮಾಲು ಕೆಟ್ಟಿದೆ, ಯಾರನ್ನೋ ಬೈಯಬೇಕಾಗಿದೆ ಎಂದೇ ಅದರ ಅರ್ಥ. ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಬಳ್ಳಾರಿಯ ನಮ್ಮ ಬಟ್ಟೆ ಗೋದಾಮಿನ ಬಾಗಿಲು ತೆಗೆಸಿದಾಗ ಆ ವಾಸನೆ ಮುಖಕ್ಕೆ ಬಡಿಯಿತು. ಆಳುಗಳು ನನ್ನ ಬಾಯಿಗೆ ಹೆದರಿ ಒಬ್ಬರ ಹಿಂದೊಬ್ಬರು ಸರಿದು ನಿಂತರು. ಯಾರೋ ಕುಡಿಯುವ ನೀರಿನ ಕೊಡವನ್ನು ಖಾಲಿ ಚೀಲಗಳ ಮೇಲೆ ಉರುಳಿಸಿದ್ದರು, ಅಷ್ಟೇ. ಆದರೆ ನಾನು ಬೈಯಲಿಲ್ಲ. ಹೊಸ್ತಿಲಲ್ಲೇ ನಿಂತು ಮೂಗು ತುಂಬ ಎಳೆದುಕೊಂಡೆ. ನಾರು, ಮಣ್ಣು, ಒಂದಿಷ್ಟು ಹುಳಿ, ಎಲ್ಲ ಬೆರೆತ ಆ ತಂಪು ವಾಸನೆಯೊಳಗಿಂದ ಸತ್ಯನಾರಾಯಣಪೇಟೆಯ ನಮ್ಮ ಹಳೆಯ ಮನೆಯ ಪಡಸಾಲೆ ಎದ್ದು ಬಂತು. ಅದರ ಹಿಂದೆಯೇ, ಇಷ್ಟು ವರ್ಷ ಕಳೆದರೂ ಆರದ ಒಂದು ಹೊಟ್ಟೆಕಿಚ್ಚೂ ಬಂತು.

ನಮ್ಮಪ್ಪ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರು. ಎರಡನೇ ಮಹಾಯುದ್ಧ ಮುಗಿದು ಕೆಲವು ವರ್ಷವಾಗಿತ್ತು. ಬಳ್ಳಾರಿ ಇನ್ನೂ ಮದ್ರಾಸಿನ ಕೆಳಗಿತ್ತು. ಸಾಲೆಯಲ್ಲಿ ಪ್ರಾಣಿಗಳ ಪಾಠ ಎಂದರೆ ಗೋಡೆಗೆ ಒಂದು ಬಣ್ಣದ ಪಟ ನೇತುಹಾಕಿ, ಬೆತ್ತದ ತುದಿಯಿಂದ ಮುಟ್ಟಿ ಮುಟ್ಟಿ ಹೆಸರು ಹೇಳಿಸುವುದು. ಆ ಪಟದಲ್ಲಿ ನಮ್ಮ ಸೀಮೆಯ ಒಂದು ಪ್ರಾಣಿಯೂ ಇಲ್ಲ ಎಂಬುದು ಅಪ್ಪನ ದೊಡ್ಡ ದೂರಾಗಿತ್ತು. ಬಳ್ಳಾರಿಯ ಬಿಸಿಲಿನಲ್ಲಿ ಕೂತು ಹಿಮಕರಡಿಯ ಕಾಲು ಎಣಿಸಿದರೆ ಹುಡುಗರಿಗೆ ಏನು ತಿಳಿದೀತು ಎನ್ನುತ್ತಿದ್ದ. ಅದಕ್ಕೆ ಅವನು ಕಂಡುಕೊಂಡ ಉಪಾಯವೆಂದರೆ ನಮ್ಮ ಮನೆಯ ಪಡಸಾಲೆ. ಸೀಮೆಎಣ್ಣೆ ಡಬ್ಬಿಗಳು ಬರುತ್ತಿದ್ದ ಮರದ ಪೆಟ್ಟಿಗೆಗಳಿಗೆ ಮುಂದೆ ತಂತಿಜಾಳಿಗೆ ಹೊಡೆದು, ಗೋಡೆಯುದ್ದಕ್ಕೂ ಒಂದರ ಪಕ್ಕ ಒಂದು ಇಟ್ಟಿದ್ದ. ಒಂದರಲ್ಲಿ ಓತಿಕ್ಯಾತ, ಒಂದರಲ್ಲಿ ಉಡದ ಮರಿ, ಒಂದರಲ್ಲಿ ರೆಕ್ಕೆ ಮುರಿದ ಗೂಬೆ. ಚೇಳು ಮಾತ್ರ ಗಾಜಿನ ಭರಣಿಯಲ್ಲಿ, ಉಪ್ಪಿನಕಾಯಿಯ ಹಾಗೆ. ಕೋಟೆಗುಡ್ಡದ ಬಂಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ನಮ್ಮ ಪೇಟೆಯ ಮೇಲೆ ಉಗುಳುತ್ತಿದ್ದವು. ಅದಕ್ಕೇ ಆ ಪೆಟ್ಟಿಗೆಗಳ ಮೇಲೆಲ್ಲ ಒದ್ದೆ ಗೋಣಿಚೀಲ ಹೊದಿಸಿ, ಒಣಗಿದ ಹಾಗೆಲ್ಲ ನೀರು ಚಿಮುಕಿಸಬೇಕಿತ್ತು. ನೀರು ಸೇದುವವಳು ಅವ್ವ. ಚಿಮುಕಿಸುವವಳೂ ಅವ್ವ. ಬೈಯುತ್ತ ಚಿಮುಕಿಸುತ್ತಿದ್ದಳು. ಗೂಬೆ ಮನೆಯಲ್ಲಿರುವುದು ಓಣಿಯವರಿಗೆ ಗೊತ್ತಾದರೆ ಯಾರೂ ಅರಿಶಿನ ಕುಂಕುಮಕ್ಕೆ ಬರುವುದಿಲ್ಲವೆಂದು ಹೆದರಿ, ಯಾರಾದರೂ ಬಂದರೆ ಆ ಪೆಟ್ಟಿಗೆಯ ಗೋಣಿಯನ್ನು ಪೂರ್ತಿ ಕೆಳಗೆಳೆದು, ಒಳಗೆ ಮೈ ಹುಷಾರಿಲ್ಲದ ಗಿಳಿ ಇದೆ ಎಂದು ಹೇಳುತ್ತಿದ್ದಳು. ಗೂಬೆ ಒಳಗಿಂದ ಕೂಗಿದರೆ, ಪಾಪ ಗಂಟಲು ಕಟ್ಟಿದೆ ಎನ್ನುತ್ತಿದ್ದಳು.

ಶನಿವಾರ ಅರ್ಧ ದಿನದ ಸಾಲೆ ಮುಗಿಸಿಕೊಂಡು ಹುಡುಗರು, ಕೆಲವು ಹುಡುಗಿಯರು, ನಮ್ಮ ಮನೆಗೆ ಬರುತ್ತಿದ್ದರು. ಅರ್ಧ ಜನ ಕನ್ನಡದವರು, ಅರ್ಧ ಜನ ತೆಲುಗಿನವರು. ಬಾಗಿಲಿನಿಂದ ಹಿಡಿದು ಒಳಗಿನ ಬೀಸುಕಲ್ಲಿನವರೆಗೆ ಪಡಸಾಲೆಯುದ್ದಕ್ಕೂ ಸಾಲಾಗಿ ಕೂರಬೇಕು. ಬಾಗಿಲ ಬಳಿ ಮಣೆಯ ಮೇಲೆ ಕೂತ ಅಪ್ಪ ಒಂದು ಪ್ರಾಣಿಯನ್ನು ಮೊದಲಿನವರ ಅಂಗೈಯಲ್ಲಿ ಇಡುತ್ತಿದ್ದ. ಅದು ಕೈಯಿಂದ ಕೈಗೆ ಸಾಗಬೇಕು. ಹಿಡಿದವರು ಅದರ ಬಗ್ಗೆ ಒಂದು ಮಾತು ಹೇಳಬೇಕು. ಪುಸ್ತಕದ ಮಾತಲ್ಲ, ತಮ್ಮ ಕಣ್ಣಿಗೆ ಕಂಡದ್ದು, ಕೈಗೆ ಹತ್ತಿದ್ದು. ಹಿಂದಿನವರು ಹೇಳಿದ್ದನ್ನು ಮುಂದಿನವರು ಹೇಳುವ ಹಾಗಿಲ್ಲ. ವೆಂಕಟೇಶ ಎಂಬ ತೆಲುಗು ಹುಡುಗ ಮುಂದೊಮ್ಮೆ ಆಮೆ ಕೈಗೆ ಬಂದ ಕೂಡಲೇ ಖುಷಿಯಿಂದ “ತಾಬೇಲು, ಸಾರ್” ಎಂದಿದ್ದ. ಅಪ್ಪ ನಕ್ಕು, “ಹೆಸರು ಹೇಳಿದ್ರ ನೋಡಿದಂಗ ಆಗಲಿಲ್ಲಪ. ಅದಕ್ಕ ತನ್ನ ಹೆಸರು ಗೊತ್ತಿಲ್ಲ. ಕೈಯಾಗ ಏನೈತಿ ಅದನ್ನ ಹೇಳು” ಎಂದಿದ್ದ. ಯಾರಾದರೂ ನಿಜವಾಗಿ ಹೊಸದೊಂದನ್ನು ಕಂಡು ಹೇಳಿದರೆ ಅಪ್ಪ ಮಣೆಯಿಂದ ಎದ್ದು ಬರುತ್ತಿದ್ದ. ಕನ್ನಡಕ ತೆಗೆದು ಜೇಬಿಗೆ ಹಾಕಿ, ಆ ಅಂಗೈಯ ಮೇಲೆ ಬಗ್ಗಿ, “ತೋರ್ಸು ನೋಡೋಣ” ಎನ್ನುತ್ತಿದ್ದ. ಕಣ್ಣು ಮಂದವಿದ್ದ ನಮ್ಮಪ್ಪ ಕನ್ನಡಕ ತೆಗೆದರೆ ಮೂಗು ತಾಗುವಷ್ಟು ಹತ್ತಿರ ಬಂದೇ ನೋಡಬೇಕು. ಅವನ ತಲೆಯ ಹರಳೆಣ್ಣೆಯ ವಾಸನೆ ಮೂಗಿಗೆ ಬರುವಷ್ಟು ಹತ್ತಿರ. ಊರಿನ ಯಾವ ಬಹುಮಾನವೂ ನನಗೆ ಬೇಕಿರಲಿಲ್ಲ, ಅದೊಂದು ಬೇಕಿತ್ತು. ಅಪ್ಪ ನನಗಾಗಿ ಒಂದು ಸಲ ಆ ಕನ್ನಡಕ ತೆಗೆಯಬೇಕಿತ್ತು.

ತೆಗೆಯುವುದು ಹೇಗೆ? ನನ್ನ ಜಾಗ ಸಾಲಿನ ಕೊನೆ. ಬೀಸುಕಲ್ಲಿನ ಪಕ್ಕ, ಬೆಳಕು ಸಾಲದ ಮೂಲೆ. ನಮ್ಮ ಮನೆಯಲ್ಲಿ ಯಾರೇ ಬರಲಿ, ಬಂದವರಿಗೆ ಮೊದಲು ಎಲೆ ಹಾಕಿ ಬಡಿಸಿ, ಅವರು ಕೈ ತೊಳೆದ ಮೇಲೆ ಮನೆಯವರು ಉಳಿದದ್ದನ್ನು ಉಣ್ಣುವುದು ಪದ್ಧತಿ. ಅದು ಎಲ್ಲರ ಮನೆಯಲ್ಲೂ ಇತ್ತು. ಆದರೆ ಆ ಪದ್ಧತಿಯನ್ನು ರೊಟ್ಟಿಯಿಂದ ಎತ್ತಿ ಪಾಠಕ್ಕೂ ಹಚ್ಚಿದವನು ಇಡೀ ಜಿಲ್ಲೆಯಲ್ಲಿ ನಮ್ಮಪ್ಪ ಒಬ್ಬನೇ ಇರಬೇಕು. ಓತಿಕ್ಯಾತ ನನ್ನ ಕೈಗೆ ಬರುವ ಹೊತ್ತಿಗೆ ಅದರ ಬಾಲ ಆಗಿರುತ್ತಿತ್ತು, ಬಣ್ಣ ಆಗಿರುತ್ತಿತ್ತು, ಗಂಟಲ ಚೀಲ, ಉಗುರು, ರೆಪ್ಪೆ, ಹಲ್ಲು ಎಲ್ಲ ಆಗಿರುತ್ತಿತ್ತು. ಉಳಿದದ್ದು ಏನೂ ಇರುತ್ತಿರಲಿಲ್ಲ. ನಾನು ಬಾಯಿ ತೆರೆದು ಮುಚ್ಚುತ್ತಿದ್ದೆ. ಅಪ್ಪ ಸ್ವಲ್ಪ ಹೊತ್ತು ಕಾದು, “ಇರಲಿ ಬಿಡವ್ವ” ಎಂದು ಸುಣ್ಣದ ಕಡ್ಡಿ ತೆಗೆದುಕೊಂಡು ಗೋಡೆಯ ಕರೀ ಹಲಗೆಯ ಕಡೆ ತಿರುಗುತ್ತಿದ್ದ. ಎಲ್ಲರ ತಲೆಯೂ ಅತ್ತ ತಿರುಗುತ್ತಿತ್ತು. ಪಾಠ ಮುಗಿಯುವವರೆಗೆ ಪ್ರಾಣಿ ನನ್ನ ತೊಡೆಯ ಮೇಲೆ, ಯಾರಿಗೂ ಬೇಡವಾದ ಮಾಲಿನ ಹಾಗೆ ಬಿದ್ದಿರುತ್ತಿತ್ತು. ಆಮೇಲೆ ಅಪ್ಪ ಬಂದು ಅದನ್ನು ನನ್ನ ಕೈಯಿಂದ ಇಸಿದುಕೊಂಡು ಪೆಟ್ಟಿಗೆಗೆ ಬಿಡುತ್ತಿದ್ದ. ಪಾಠದ ಹೊತ್ತು ಬಿಟ್ಟರೆ ಪ್ರಾಣಿಗಳನ್ನು ಯಾರೂ ಕೈಗೆ ಎತ್ತುವಂತಿರಲಿಲ್ಲ. ಅವು ಆಟದ ಸಾಮಾನಲ್ಲ ಎಂಬುದು ಅವನ ಕಟ್ಟುನಿಟ್ಟು. ಹಾಗಾಗಿ ಶನಿವಾರದ ಆ ಒಂದು ಸುತ್ತು ತಪ್ಪಿದರೆ ಇನ್ನೊಂದು ಶನಿವಾರಕ್ಕೇ ಕಾಯಬೇಕಿತ್ತು.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಅಷ್ಟರಲ್ಲಿ ಹಂಪಮ್ಮ ಬಂದಳು. ಅವ್ವನ ತವರು ಕುರುಗೋಡು. ಅಲ್ಲಿ ಅವ್ವನ ದೂರದ ತಮ್ಮನ ಮಗಳು ಹಂಪಮ್ಮ, ನನ್ನ ಓರಿಗೆಯವಳು. ಹೊಲಮನೆ ಕೆಲಸದ ನಡುವೆ ಹುಡುಗಿ ಓದುತ್ತಾಳೆ, ಚುರುಕಿದ್ದಾಳೆ ಎಂದು ಅವಳಪ್ಪ ಬಳ್ಳಾರಿಯ ಸಾಲೆಗೆ ಹಚ್ಚಿ ನಮ್ಮ ಮನೆಯಲ್ಲಿ ಬಿಟ್ಟ. ಬರುವಾಗ ಅವಳು ಬರಿಗೈಲಿ ಬರಲಿಲ್ಲ. ತಲೆಯ ಮೇಲೆ ಶೇಂಗಾದ ಗಂಟು, ಕಂಕುಳಲ್ಲಿ ಒಂದು ಬುಟ್ಟಿ. ಬುಟ್ಟಿಯೊಳಗೆ ಕುರುಗೋಡಿನ ಬೆಟ್ಟದ ಬುಡದಲ್ಲಿ ಅವಳೇ ಹಿಡಿದ ನಕ್ಷತ್ರದ ಆಮೆ. ಕರಿ ಚಿಪ್ಪಿನ ಪ್ರತಿ ಉಬ್ಬಿನ ನೆತ್ತಿಯಿಂದಲೂ ಹಳದಿ ಗೆರೆಗಳು ಹೊರಟು, ಯಾರೋ ಕೂತು ರಂಗೋಲಿ ಎಳೆದಂತೆ ಇತ್ತು. ಅಪ್ಪ ಅದನ್ನು ನೋಡಿದ್ದೇ ತಡ, ಅಂಗಳದಲ್ಲೇ ಕನ್ನಡಕ ತೆಗೆದ. ಬಂದ ಗಳಿಗೆಯಲ್ಲೇ ಆ ಹುಡುಗಿ, ನಾನು ವರ್ಷಗಟ್ಟಲೆ ಕಾದದ್ದನ್ನು ಹೊಸ್ತಿಲು ದಾಟುವ ಮೊದಲೇ ಗಳಿಸಿಬಿಟ್ಟಳು. ಅವತ್ತು ನನ್ನ ಹೊಟ್ಟೆಯಲ್ಲಿ ಬಿದ್ದ ಕೆಂಡವನ್ನು ಹೇಗೆ ಹೇಳಲಿ? ಹೆತ್ತವರ ಕಣ್ಣು ಬೇರೆಯವರ ಮಗುವಿನ ಮೇಲೆ ಬಿದ್ದದ್ದನ್ನು ಕಂಡವರಿಗೆ ಹೇಳಬೇಕಾಗಿಲ್ಲ, ಕಾಣದವರಿಗೆ ಹೇಳಿ ಉಪಯೋಗವಿಲ್ಲ.

ಶನಿವಾರ ಬಂತು. ಅಪ್ಪ ಹಂಪಮ್ಮನನ್ನು ಸಾಲಿನ ಮೊದಲು, ತನ್ನ ಮಣೆಯ ಪಕ್ಕದಲ್ಲೇ ಕೂರಿಸಿದ. ಬಂದವಳಲ್ಲವೇ! ಆ ವಾರ ನಾನು ಸುಮ್ಮನಿದ್ದೆ. ತಿಂಗಳಾದರೂ ಅವಳು ಅಲ್ಲೇ ಕೂತಾಗ ಕೇಳಿಯೇಬಿಟ್ಟೆ. ಅಪ್ಪ ಅಂಗಳದಲ್ಲಿ ಉಡಕ್ಕೆ ಮೊಟ್ಟೆ ಒಡೆಯುತ್ತ ಕೂತಿದ್ದ.

“ಹಂಪಮ್ಮ ದಿನಾ ನಮ್ಮ ಮನ್ಯಾಗ ಉಣ್ಣತಾಳ, ನಮ್ಮ ಮನ್ಯಾಗ ಮಲಗತಾಳ. ಆಕಿ ಹೆಂಗ ಬಂದಾಕಿ ಆಗತಾಳಪ್ಪ?” ಎಂದೆ.

“ಉಂಡ್ರೇನಾತವ್ವ?” ಎಂದ ಅಪ್ಪ, ತಲೆ ಎತ್ತದೆ. “ಆಕಿ ಅವ್ವ ಅಪ್ಪ ಕುರುಗೋಡಿನಾಗ ಅದಾರ. ನಿನಗ ನಾವು ಇಲ್ಲೇ ಅದೀವಿ. ಮನಿಯಾಕಿ ನೀನು. ಮನಿಯೋರು ಕಡಿಗೆ.”

ಅವನ ಲೆಕ್ಕದಲ್ಲಿ ಅದು ನನಗೆ ಕೊಟ್ಟ ದೊಡ್ಡ ಪಾಲು. ನನಗೆ ಆಗ ಹಾಗೆ ಕಾಣಲಿಲ್ಲ. ಇಲ್ಲಿ ಒಂದು ಮಾತು ಹೇಳುತ್ತೇನೆ, ಮಕ್ಕಳಿರುವವರು ಕೇಳಿ. ಮನೆಯ ಮಗುವಿಗೆ ಇದು ನಿನ್ನ ಮನೆ ಎಂದು ಹೇಳಿದರೆ ಸಾಲದು. ಆಗಾಗ ಅದನ್ನು ನೆಂಟರ ಹಾಗೆ ಮೊದಲ ಸಾಲಿನಲ್ಲಿ ಕೂರಿಸಿ ಬಡಿಸಬೇಕು. ಇಲ್ಲದಿದ್ದರೆ ಅದು ತನ್ನ ಮನೆಯಲ್ಲೇ ಕಿಟಕಿಯಿಂದ ಒಳಗೆ ಇಣುಕುವವರ ಹಾಗೆ ಬೆಳೆಯುತ್ತದೆ.

ಹಂಪಮ್ಮ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಬಾಯಿ ಜೋರು, ನಗು ಜೋರು, ಸುಳ್ಳು ಅದಕ್ಕಿಂತ ಜೋರು. ಕುರುಗೋಡಿನ ಬೆಟ್ಟದಲ್ಲಿ ಕರಡಿ ತನ್ನನ್ನು ಹೆಸರು ಹಿಡಿದು ಕರೆದಿತ್ತು ಎಂದು ಹೇಳಿ ಓಣಿಯ ಹುಡುಗರನ್ನೆಲ್ಲ ನಂಬಿಸಿದ್ದಳು. ಅವ್ವನಿಗೆ ನೀರು ಸೇದಿಕೊಡುತ್ತಿದ್ದಳು, ಗೂಬೆಗೆ ಇಲಿ ಹಿಡಿದು ತರುತ್ತಿದ್ದಳು, ರಾತ್ರಿ ನನ್ನ ಜಡೆಯನ್ನು ತನ್ನ ಜಡೆಗೆ ಗಂಟು ಹಾಕಿ ಮಲಗುತ್ತಿದ್ದಳು. ಅವಳು ನಿದ್ದೆಯಲ್ಲಿ ಹೊರಳಿದರೆ ನನ್ನ ತಲೆಯೂ ಹೊರಳಬೇಕು. ಸಾಲಿನಲ್ಲಿ ಮೊದಲು ಕೂತವಳು ಆಮೆ ಕೈಗೆ ಬಂದೊಡನೆ ಅತಿ ಸುಲಭದ್ದನ್ನು, ಎಲ್ಲರ ಕಣ್ಣಿಗೂ ಕಾಣುವುದನ್ನು, ಹಾಡು ಹೇಳಿದಂತೆ ಹೇಳಿ ದಾಟಿಸುತ್ತಿದ್ದಳು. “ಇದರ ಬೆನ್ನ ಮ್ಯಾಲ ಚಿಕ್ಕಿ ಅದಾವ್ರಿ.” ಅಷ್ಟಕ್ಕೇ ಅಪ್ಪನ ಮುಖ ಅರಳುತ್ತಿತ್ತು. ಆ ಚುಕ್ಕಿಗಳನ್ನು ನಾನೂ ಕಂಡಿದ್ದೆ. ಅವಳಿಗಿಂತ ಚೆನ್ನಾಗಿ ಕಂಡಿದ್ದೆ. ಆದರೆ ಚುಕ್ಕಿ ಸಾಲಿನ ಮೊದಲಲ್ಲೇ ಖರ್ಚಾಗಿ ಹೋಗುತ್ತಿತ್ತು.

ಆಗ ನನಗೆ ವ್ಯಾಪಾರ ಬುದ್ಧಿ ಬಂತು. ಅವತ್ತೇ ಮೊದಲು ಎಂದು ಈಗ ಅನಿಸುತ್ತದೆ. ಜಾಗ ಸಿಗದಿದ್ದರೆ ಕೊಳ್ಳಬೇಕು. ಮೊದಲು ವೆಂಕಟೇಶನನ್ನು ಹಿಡಿದೆ. ಅವನು ಸಾಲಿನ ನಡುವಿನವನು. ಒಗ್ಗರಣೆ ಮಂಡಕ್ಕಿಯಲ್ಲಿ ನನ್ನ ಪಾಲು ಕೊಡುತ್ತೇನೆ, ಜಾಗ ಬದಲಿಸು ಎಂದೆ. ಅವನು ಮಂಡಕ್ಕಿ ತಿಂದು, ಮಿರ್ಚಿಯೂ ಬೇಕೆಂದ. ಕೊನೆಗೆ ಮೇಷ್ಟ್ರಿಗೆ ಹೆದರಿ ಹಿಂದೆ ಸರಿದ. ನಡುವಿನ ಜಾಗಕ್ಕೆ ಇಷ್ಟು ಕಷ್ಟಪಡುವ ಬದಲು ಮೊದಲಿನ ಜಾಗಕ್ಕೇ ಕೈಹಾಕೋಣವೆಂದು ಹಂಪಮ್ಮನ ಹತ್ತಿರ ಹೋದೆ. ನನ್ನ ಬಳಿ ಒಂದು ನೀಲಿ ರೇಷ್ಮೆ ರಿಬ್ಬನ್ ಇತ್ತು. ಅದನ್ನು ಅವಳು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುವುದನ್ನು ಎಷ್ಟೋ ಸಲ ನೋಡಿದ್ದೆ. ಕೊಡಲು ಮನಸ್ಸಿಲ್ಲದಿದ್ದರೂ, ಇದನ್ನು ಕೊಡುತ್ತೇನೆ, ನನ್ನ ಜಾಗದಲ್ಲಿ ಕೂರುತ್ತೀಯಾ ಎಂದು ಕೇಳಿದೆ. ಮೊದಲು ಒಲ್ಲೆನೆನ್ನುತ್ತಾಳೆ, ಆಮೇಲೆ ಬಳೆಯನ್ನೂ ಕೇಳುತ್ತಾಳೆ ಎಂದು ಎಣಿಸಿ ಬಳೆಯನ್ನೂ ಲಂಗದ ಮಡಿಕೆಯಲ್ಲಿ ಇಟ್ಟುಕೊಂಡು ಹೋಗಿದ್ದೆ. ಬಳೆಯ ಮಾತೇ ಬರಲಿಲ್ಲ. ನನ್ನ ಮಾತು ಮುಗಿಯುವ ಮೊದಲೇ ಅವಳು, “ಆತು, ಕುಂದ್ರತೀನಿ” ಎಂದಳು.

ನಾನು ಆ ಮೇಲೆ ಸೂರತ್ತಿನವರ ಜೊತೆ, ಮುಂಬೈಯವರ ಜೊತೆ ಎಷ್ಟೋ ವ್ಯವಹಾರ ಮಾಡಿದ್ದೇನೆ. ವ್ಯಾಪಾರಕ್ಕೆ ಇಳಿಯುವ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವ ಬುದ್ಧಿ ಇದೇ. ಎದುರಿನವರು ಮೊದಲ ಮಾತಿಗೇ ಹೂಂ ಅಂದರೆ ಕೈ ಕುಲುಕಬೇಡಿ. ಒಂದು ಲೋಟ ನೀರು ಕುಡಿಯಿರಿ. ನೀವು ಮಾರುತ್ತಿರುವುದು ಏನು ಎಂದು ಇನ್ನೊಮ್ಮೆ ನೋಡಿಕೊಳ್ಳಿ. ಅವತ್ತು ಅದನ್ನು ನನಗೆ ಹೇಳುವವರು ಯಾರೂ ಇರಲಿಲ್ಲ. ಶನಿವಾರ ನಾನು ಬಾಗಿಲ ಬಳಿ, ಹಂಪಮ್ಮ ರಿಬ್ಬನ್ ಕಟ್ಟಿಕೊಂಡು ಬೀಸುಕಲ್ಲಿನ ಬಳಿ ಕೂತೆವು. ಅಪ್ಪ ಆಮೆಯನ್ನು ಎತ್ತಿಕೊಂಡು ಬಂದ. ಸಾಲನ್ನು ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ.

“ನೀಲಾ, ನಿನ್ನ ಜಾಗಕ್ಕ ಹೋಗವ್ವ” ಎಂದ.

ಎದ್ದು ಹೋದೆ. ಎಲ್ಲರೂ ನೋಡುತ್ತಿದ್ದರು, ಆ ಪಡಸಾಲೆ ಕುರುಗೋಡಿನ ದಾರಿಯಷ್ಟು ಉದ್ದವಾಯಿತು. ನಡುವೆ ಹಂಪಮ್ಮ ಎದುರು ಬಂದಳು. ಅವಳ ಮುಖ ಅಳುವ ಹಾಗಾಗಿತ್ತು. ರಿಬ್ಬನ್ ವಾಪಸು ಕೊಡಬೇಕಲ್ಲ ಎಂದು ಅಳುತ್ತಾಳೆ, ಆಸೆಬುರುಕಿ ಎಂದುಕೊಂಡೆ. ವಾಪಸು ಇಸಿದುಕೊಂಡೂ ಇಸಿದುಕೊಂಡೆ. ಅವಳು ಬಿಚ್ಚಿ ಕೊಟ್ಟಳು.

ಗಾಯಗೊಂಡದ್ದನ್ನು ಬಿಟ್ಟರೆ ಯಾವ ಪ್ರಾಣಿಯನ್ನೂ ಅಪ್ಪ ಬಹುಕಾಲ ಇಟ್ಟುಕೊಳ್ಳುತ್ತಿರಲಿಲ್ಲ. ಎಲ್ಲಿಂದ ಬಂದದ್ದೋ ಅಲ್ಲಿಗೇ, ತಂದವರ ಕೈಯಿಂದಲೇ ಬಿಡಿಸಬೇಕು. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಆಮೆಯ ಸರದಿ ಬಂತು. ಒದ್ದೆ ಗೋಣಿ ಮುಚ್ಚಿದ ಬುಟ್ಟಿಯನ್ನು ಹಿಡಿದುಕೊಂಡು ಅಪ್ಪ, ಹಂಪಮ್ಮ, ನಾನು, ಇನ್ನು ಕೆಲವರು ಹುಡುಗರು ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಆಗಿನ ಬಸ್ಸು ಹತ್ತಿದೆವು. ಬುಟ್ಟಿಯಲ್ಲಿ ಏನು ಎಂದು ಕಂಡಕ್ಟರ್ ಕೇಳಿದ. “ನಮ್ಮ ಊರಾಕಿ. ತವರುಮನಿಗೆ ಹೊಂಟಾಳ. ಮಾತಾಡಸಬ್ಯಾಡ್ರಿ, ನಾಚತಾಳ” ಎಂದಳು ಹಂಪಮ್ಮ. ಬಸ್ಸೆಲ್ಲ ನಕ್ಕಿತು, ಅಪ್ಪನೂ ನಕ್ಕ. ನಾನು ಮಾತ್ರ ಕಿಟಕಿಯ ಆಚೆ ನೋಡುತ್ತ ಕೂತೆ. ಕರಿಮಣ್ಣಿನ ಹೊಲಗಳಲ್ಲಿ ನೀರು ಕುಡಿದ ನೆಲದ ವಾಸನೆ, ದೂರದಲ್ಲಿ ಚಿಗರಿ ಜಿಂಕೆಗಳ ಒಂದು ಹಿಂಡು ಬಸ್ಸಿನ ಸದ್ದಿಗೆ ಹಾರಿ ಹಾರಿ ಓಡುತ್ತಿತ್ತು. ತೋರಿಸಬೇಕೆಂದು ಅಪ್ಪನ ಕಡೆ ತಿರುಗಿದರೆ, ಅವನು ಹಂಪಮ್ಮನ ಇನ್ನೊಂದು ಸುಳ್ಳು ಕೇಳುತ್ತಿದ್ದ.

ಕುರುಗೋಡಿನಲ್ಲಿ ಅವಳ ಮನೆಯವರ ರೊಟ್ಟಿ ತಿಂದು, ಬೆಟ್ಟದ ಬುಡಕ್ಕೆ ಹೋದೆವು. ತೊಳೆದ ಬಂಡೆಗಳ ನಡುವೆ ಆಗಲೇ ಹಸಿರು ಹುಲ್ಲು ಹಣಿಕಿತ್ತು. ಅಲ್ಲೂ ಅಪ್ಪ ಸಾಲು ಬಿಡಲಿಲ್ಲ. ಬಂಡೆಯ ಮೇಲೆ ಸಾಲಾಗಿ ಕೂರಿಸಿ ಕೊನೆಯ ಸಲ ಆಮೆಯನ್ನು ಕೈಯಿಂದ ಕೈಗೆ ಕಳಿಸಿದ. ಅದು ಯಥಾಪ್ರಕಾರ ತಲೆ ಕಾಲು ಎಲ್ಲ ಒಳಗೆಳೆದುಕೊಂಡು ಕಲ್ಲಾಗಿ ಬಂದು ನನ್ನ ಅಂಗೈಯಲ್ಲಿ ನಿಂತಿತು. ನಾನು ಯಥಾಪ್ರಕಾರ ಸುಮ್ಮನಿದ್ದೆ. ಅಷ್ಟರಲ್ಲಿ ಮೇಲಿನ ಬಂಡೆಯಲ್ಲಿ ಮುಸಿಯ ಮಂಗಗಳ ಹಿಂಡು ಕಂಡು ಹುಡುಗರೆಲ್ಲ ಎದ್ದು ಓಡಿದರು, ಹಂಪಮ್ಮ ಎಲ್ಲರಿಗಿಂತ ಮುಂದೆ. ನನ್ನ ಕೈಯಲ್ಲಿ ಆಮೆ ಇತ್ತು, ಓಡುವ ಹಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಅದು ತಲೆ ಹೊರಗೆ ಹಾಕಿತು. ಅದೇನು ಹೊಸದಲ್ಲ. ನನ್ನ ಕೈಗೆ ಬಂದು ನಿಂತ ಮೇಲೆ ಅದು ಎಷ್ಟೋ ಶನಿವಾರ ಹಾಗೆ ತಲೆ ಹಾಕಿತ್ತು. ಮುದುಕಿಯ ಹಾಗೆ ಸುಕ್ಕಿದ ಕತ್ತು, ಕಪ್ಪು ಕಣ್ಣು. ಆದರೆ ಅವತ್ತು ಬಯಲು ಬೆಳಕು. ಅದರ ಮುಂಗಾಲಿನ ಬುಡದಲ್ಲಿ, ಚಿಪ್ಪಿಗೂ ಕಾಲಿಗೂ ನಡುವಿನ ಮೆತ್ತಗಿನ ಚರ್ಮ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಕಾಲೂ ಅದರ ಜೊತೆಗೆ ಕೂದಲೆಳೆಯಷ್ಟು ಹಿಂದೆ ಮುಂದೆ ಆಡುತ್ತಿತ್ತು. ನನ್ನ ಉಸಿರು ಹಿಡಿದು ನೋಡಿದೆ. ಎದೆಯ ಚಿಪ್ಪು ಕಲ್ಲಿನಂತಿದೆ, ಅದು ಉಬ್ಬುವ ಹಾಗಿಲ್ಲ. ಹಾಗಾದರೆ ಉಸಿರಿಗೆ ಜಾಗ ಮಾಡಿಕೊಡುತ್ತಿರುವುದು ಕಾಲು.

“ಅಪ್ಪಾ, ಇದು ಕಾಲ್ಲೆ ಉಸಿರಾಡತೈತಿ” ಎಂದೆ.

ಅಪ್ಪ ತಿರುಗಿದ. ಎದ್ದು ಬಂದ. ನನ್ನ ಎದುರು ಬಂಡೆಯ ಮೇಲೆ ಮೊಣಕಾಲೂರಿ ಕೂತು ಕನ್ನಡಕ ತೆಗೆದು ಜೇಬಿಗೆ ಹಾಕಿದ. ಅವನ ಮೂಗಿನ ಎರಡು ಪಕ್ಕದಲ್ಲೂ ಕನ್ನಡಕ ಒತ್ತಿ ಒತ್ತಿ ಕೆಂಪಾದ ಕುಳಿ ಇದ್ದದ್ದು ಅವತ್ತೇ ನನಗೆ ಕಂಡದ್ದು.

“ತೋರ್ಸು ನೋಡೋಣ.”

ತೋರಿಸಿದೆ. ಹರಳೆಣ್ಣೆಯ ವಾಸನೆ ಬಂತು. ಅಪ್ಪ ಬಹಳ ಹೊತ್ತು ನೋಡಿದ. ಅವನ ಉಸಿರು ನನ್ನ ಮಣಿಕಟ್ಟಿಗೆ ಬಿಸಿಯಾಗಿ ತಾಗುತ್ತಿತ್ತು. ನಾನು ಕೇಳಿದ್ದು ಇದೇ. ಇನ್ನೊಂದು ಗಳಿಗೆ ಹೀಗೇ ಇರಲಿ ಎಂದು ಬೇಡಿಕೊಂಡೆ. ಅಷ್ಟರಲ್ಲಿ ಅಪ್ಪ ತಲೆ ಎತ್ತಿ ಬೆಟ್ಟಕ್ಕೆಲ್ಲ ಕೇಳುವಂತೆ, ಹಂಪಮ್ಮಾ, ಎಲ್ಲಾರನೂ ಕರಕೊಂಡು ಬಾ, ನೀಲಾ ಏನೋ ತೋರಸ್ತಾಳ ಎಂದು ಕೂಗಿದ. ದಬದಬ ಓಡಿ ಬಂದರು. ಅವರ ಕಾಲ ಸದ್ದಿಗೇ ಆಮೆ ತಲೆ ಕಾಲು ಒಳಗೆಳೆದುಕೊಂಡಿತು. ಯಾರಿಗೂ ಏನೂ ಕಾಣಲಿಲ್ಲ.

“ಕಾಲ್ಲೆ ಉಸಿರಾಡತೈತಂತ” ಎಂದಳು ಹಂಪಮ್ಮ. “ಹಂಗಾರ ಅದಕ್ಕ ಮೂಗು ಯಾಕೈತಿ, ನತ್ತು ಹಾಕ್ಕೊಳ್ಳಾಕೇನು?”

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಆಕೆಗೆ ಕಂಡಿದೆ, ನನಗೂ ಕಂಡಿದೆ ಎಂದಷ್ಟೇ ಹೇಳಿದ. ಆಮೇಲೆ ಆಮೆಯನ್ನು ನನ್ನ ಕೈಯಿಂದ ತೆಗೆದು ಹಂಪಮ್ಮನ ಕೈಗೆ ಕೊಟ್ಟ, ತಂದವಳು ಅವಳು. ಅವಳು ಹುಲ್ಲಿನ ಮೇಲೆ ಇಟ್ಟಳು. ನಾವೆಲ್ಲ ದೂರ ಸರಿದ ಮೇಲೆ ಅದು ನಿಧಾನ ಎದ್ದು, ನಮ್ಮ ಯಾರ ಕಡೆಗೂ ತಿರುಗದೆ, ಎರಡು ಬಂಡೆಗಳ ಸಂದಿಗೆ ಹೋಯಿತು. ಹಂಪಮ್ಮ ಅಲ್ಲೇ ಕುಕ್ಕರಿಸಿ ಗೊಳೋ ಎಂದು ಅತ್ತಳು. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟು, ತನ್ನ ಧೋತರದ ಚುಂಗಿನಿಂದ ಅವಳ ಮುಖ ಒರೆಸಿದ. ಆ ಕೈ ನನ್ನ ತಲೆಯ ಮೇಲೆ ಬರಬೇಕಾದ ದಿನವಾಗಿತ್ತು ಅದು. ನನ್ನ ಗೆಲುವಿಗೆ ಬರದ ಕೈ ಅವಳ ಅಳುವಿಗೆ ಹೋಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಖಾಲಿ ಬುಟ್ಟಿ ನನ್ನ ತೊಡೆಯ ಮೇಲಿತ್ತು. ಅದರ ಒದ್ದೆ ಗೋಣಿ ನನ್ನ ಲಂಗವನ್ನೆಲ್ಲ ನೆನೆಸಿತು.

ಬಳ್ಳಾರಿ ಮೈಸೂರಿಗೆ ಸೇರುತ್ತದೆಯೋ ಆಂಧ್ರಕ್ಕೆ ಸೇರುತ್ತದೆಯೋ ಎಂದು ಊರೆಲ್ಲ ಜಗಳಾಡುತ್ತಿದ್ದ ಕಾಲದಲ್ಲಿ ಅಪ್ಪನಿಗೆ ಜ್ವರ ಬಂತು. ಇಳಿಯಲಿಲ್ಲ. ಅವನು ಹೋದ ಮೇಲಿನ ಶನಿವಾರ, ಯಾರೂ ಕರೆಯದೆ, ಯಾರೂ ಹೇಳದೆ, ಹುಡುಗರು ಬಂದರು. ಪಡಸಾಲೆಯಲ್ಲಿ ಸಾಲಾಗಿ ಕೂರಲಿಲ್ಲ. ಒಬ್ಬೊಬ್ಬರೇ ತಾವು ತಂದ ಪ್ರಾಣಿಯ ಪೆಟ್ಟಿಗೆಯ ಮುಂದೆ ನಿಂತು, ಗೋಣಿ ಸರಿಸಿ, ಎತ್ತಿಕೊಂಡು, ಅದು ಬಂದ ಜಾಗಕ್ಕೆ ಬಿಡಲು ಹೋದರು. ವೆಂಕಟೇಶ ರೆಕ್ಕೆ ಕೂಡಿದ ಗೂಬೆಯನ್ನು ಅಂಗಿಯೊಳಗೆ ಹಾಕಿಕೊಂಡು ಕೋಟೆಗುಡ್ಡದ ಕಡೆ ಹೋದ. ಭರಣಿಯ ಚೇಳೂ ಹೋಯಿತು. ನಾನು ಬೀಸುಕಲ್ಲಿನ ಬಳಿ ನನ್ನ ಜಾಗದಲ್ಲೇ ಕೂತು ನೋಡುತ್ತಿದ್ದೆ. ಮನೆಯವಳು ನಾನು; ಏನನ್ನೂ ತಂದವಳಲ್ಲ. ಒಯ್ದು ಬಿಡುವುದಕ್ಕೆ ನನಗೆ ಒಂದು ಹುಳವೂ ಇರಲಿಲ್ಲ. ಅಪ್ಪನ ಹೆಸರಿನಲ್ಲಿ ಮಾಡುವುದಕ್ಕೆ ಊರಿನ ಮಕ್ಕಳಿಗೆಲ್ಲ ಏನೋ ಒಂದಿತ್ತು, ಅವನ ಮಗಳಿಗೆ ಇಲ್ಲ. ಅವತ್ತಿನಷ್ಟು ಹೊಟ್ಟೆಕಿಚ್ಚು ನಾನು ಯಾವತ್ತೂ ಪಟ್ಟಿಲ್ಲ. ಅವ್ವ ಆ ಮೇಲೂ ಬಹಳ ದಿನ, ಬೆಳಿಗ್ಗೆ ಎದ್ದು ನೀರು ಸೇದಿ, ಖಾಲಿ ಪೆಟ್ಟಿಗೆಗಳ ಮೇಲಿನ ಗೋಣಿಗಳಿಗೆ ಚಿಮುಕಿಸುತ್ತಿದ್ದಳು. ಈಗ ಬೈಯುತ್ತಿರಲಿಲ್ಲ.

ಮನೆ ಬಾಡಿಗೆಯದು. ಬಿಟ್ಟೆವು. ಹಂಪಮ್ಮನನ್ನು ಅವಳಪ್ಪ ಬಂದು ಕರೆದುಕೊಂಡು ಹೋದ. ವರ್ಷದೊಳಗೆ ಸಿರುಗುಪ್ಪಕ್ಕೆ ಮದುವೆ ಮಾಡಿಕೊಟ್ಟರಂತೆ. ಅವ್ವ, ನಾನು ಒಂದು ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರದ ಜೊತೆ ಬದುಕಿದೆವು. ಕುಪ್ಪಸ ಹೊಲಿದೆ, ಸಾಲೆಯ ಚಡ್ಡಿ ಹೊಲಿದೆ, ಕಾಲ ಬದಲಾದಾಗ ಜೀನ್ಸ್ ಹೊಲಿಸಿದೆ. ಬಟ್ಟೆಯ ಥಾನಿನಲ್ಲಿ ಎಲ್ಲರೂ ನೋಡಿ ಬಿಟ್ಟ ಮೇಲೂ ಉಳಿದಿರುವ ಒಂದು ಎಳೆಯ ತಪ್ಪು ನನ್ನ ಕಣ್ಣಿಗೆ ಬೀಳುತ್ತದೆ ಎಂದು ಬಳ್ಳಾರಿಯ ಬಜಾರಿನಲ್ಲಿ ಹೆಸರಾಯಿತು. ಪಾರ್ವತಿನಗರದಲ್ಲಿ ಮನೆ ಕಟ್ಟಿಸಿದೆ. ಸತ್ಯನಾರಾಯಣಪೇಟೆಯ ಆ ಮನೆ ಇದ್ದ ಜಾಗದಲ್ಲಿ ಈಗ ಗಾಜಿನ ಬಾಗಿಲಿನ ಔಷಧಿ ಅಂಗಡಿ ಇದೆ. ಬೀಸುಕಲ್ಲು ಇದ್ದ ಕಡೆ ತಂಪು ಪೆಟ್ಟಿಗೆ ನಿಂತಿದೆ. ಮಾತ್ರೆ ಕೊಳ್ಳುವ ನೆವದಲ್ಲಿ ಒಂದೆರಡು ಸಲ ಹೋಗಿ ಅಲ್ಲಿ ನಿಂತು ಬಂದಿದ್ದೇನೆ.

ಗೋದಾಮಿನ ಆ ವಾಸನೆ ಬಂದ ವಾರವೇ ಸಿರುಗುಪ್ಪಕ್ಕೆ ಹೋದೆ. ಹಂಪಮ್ಮ ಭತ್ತದ ಗದ್ದೆಗಳಿಗೆ ಮುಖ ಮಾಡಿದ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಮುದುಕಿಯಾಗಿದ್ದಳು, ಬಾಯಿ ಮಾತ್ರ ಹಾಗೇ ಇತ್ತು. ನನ್ನ ಕಾರು, ಬಳೆ ಎಲ್ಲ ನೋಡಿ, ಇಷ್ಟೆಲ್ಲ ಗಳಿಸಿದರೂ ನಿನ್ನ ಮುಖದ ಗಂಟು ಬಿಚ್ಚಲಿಲ್ಲವಲ್ಲ ಎಂದಳು. ಚಹಾ ಕುಡಿದೆವು. ನಾನು ಮುಚ್ಚುಮರೆ ಮಾಡಲಿಲ್ಲ. ನೀನು ಮೊದಲು ಕೂತು ನಮ್ಮಪ್ಪನನ್ನು ಬಾಚಿಕೊಂಡೆ, ನಾನು ಕೊನೆಯಲ್ಲಿ ಕೂತು ಉರಿದೆ ಎಂದೆ. ಅವಳು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು.

“ಅಲ್ಲಲೇ ನೀಲಿ, ನಾ ಹಿಡಿದು ತಂದ ಆಮಿ ಅದು” ಎಂದಳು. “ನನ್ನ ಕೈಯಾಗ ಒಮ್ಮೀನೂ ತಲಿ ಹೊರಗ ಹಾಕಲಿಲ್ಲ. ಹಿಡಕೊಂಡ್ನೋ ಇಲ್ಲೋ, ಮುಂದಕ್ಕ ಕೊಡು ಅಂತಿದ್ರು ಮೇಷ್ಟ್ರು. ನಿನ್ನ ಕೈಗೆ ಬಂದ ಮ್ಯಾಲೆ ಮುಂದಕ್ಕ ಕೊಡು ಅನ್ನೋರು ಯಾರಿದ್ರು? ಪಾಠ ಮುಗಿಯೋತನ ನಿನ್ನ ತೊಡಿ ಮ್ಯಾಲೇ ಇರತಿತ್ತು. ನಾವೆಲ್ಲ ಹಲಗಿ ನೋಡಬೇಕು, ನೀನು ಆಮಿ ನೋಡತಿದ್ದಿ. ಆ ಕಡೀ ಜಾಗಕ್ಕ ನಾ ಎಷ್ಟು ಉರದೀನಿ ಅಂತ ನಿನಗೇನ ಗೊತ್ತು.”

“ಮತ್ತ ರಿಬ್ಬನ್?” ಎಂದೆ.

“ನಿನ್ನ ರಿಬ್ಬನ್ ಯಾರಿಗೆ ಬೇಕಾಗಿತ್ತಲೇ” ಎಂದಳು.

ಗದ್ದೆಯ ಮೇಲೆ ಬೆಳ್ಳಕ್ಕಿಗಳು ಇಳಿಯುತ್ತಿದ್ದವು. ಕತ್ತಲಾಗುವ ಮೊದಲು ಎದ್ದು ಬಂದೆ. ದಾರಿಯುದ್ದಕ್ಕೂ ನನ್ನ ಎರಡು ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಕೂತಿದ್ದೆ. ಪಾಠ ಮುಗಿದ ಮೇಲೆ ಅಪ್ಪ ಪಡಸಾಲೆಯುದ್ದಕ್ಕೂ ನಡೆದು ನನ್ನ ಹತ್ತಿರ ಬರುತ್ತಿದ್ದ, ಬಗ್ಗಿ, ಆಮೆಗೆ ನೋವಾಗದ ಹಾಗೆ ತನ್ನ ಬೆರಳುಗಳನ್ನು ನನ್ನ ಅಂಗೈಗೂ ಅದರ ಹೊಟ್ಟೆಗೂ ನಡುವೆ ಮೆಲ್ಲಗೆ ತೂರಿಸಿ ಎತ್ತಿಕೊಳ್ಳುತ್ತಿದ್ದ. ಸುಣ್ಣದ ಪುಡಿ ಮೆತ್ತಿದ, ತಂಪು ಬೆರಳುಗಳು. ಪ್ರತಿ ಶನಿವಾರ. ಸಾಲಿನಲ್ಲಿ ಬೇರೆ ಯಾರಿಗೂ ಹಾಗೆ ಬರುತ್ತಿರಲಿಲ್ಲ. ನನ್ನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ, ಆದರೆ ಅದು ಈಗ ಹಂಪಮ್ಮನ ಮೇಲಿಲ್ಲ. ಬೀಸುಕಲ್ಲಿನ ಪಕ್ಕದ ಮಬ್ಬಿನಲ್ಲಿ, ಮುಖ ಗಂಟಿಕ್ಕಿಕೊಂಡು, ಒದ್ದೆ ಗೋಣಿಯ ವಾಸನೆಯ ನಡುವೆ ಕೈ ಚಾಚಿ ಕೂತಿದ್ದ ಆ ಹುಡುಗಿಯ ಮೇಲಿದೆ.